ಕೊನೆಯಲ್ಲಿ ಬರುವ ಸವಾರ



ಮೋಟಾರು ಸೈಕಲ್ಲಿನ ಸದ್ದು ಕೇಳಿದೊಡನೆ ಮುಖ ಸಿಂಡರಿಸುವ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ನಮ್ಮ ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಊರು. ರವಿವಾರ ಬಂತೆಂದರೆ ಕೋಟೆಯನ್ನು ನೋಡಲು ಬರುವ ತರುಣರ ಫಟಫಟಿಗಳು ಸಾಲುಗಟ್ಟಿ ನಿಲ್ಲುತ್ತವೆ. ತಂದೆ-ತಾಯಿಯರ ದುಡಿಮೆಯನ್ನು ಹೊಗೆಯಾಗಿ ಬಿಡುವವರೆಂದು ಅವರನ್ನು ಎಷ್ಟೋ ಸಲ ಜರಿದಿದ್ದೇನೆ.

ಆ ಸಿಟ್ಟಿಗೆ ಕಾರಣವಿತ್ತು. ನನ್ನ ತಮ್ಮ ಬೈಲಹೊಂಗಲದಲ್ಲಿ ಹತ್ತಿಯ ವ್ಯಾಪಾರ ಮಾಡಿಕೊಂಡಿದ್ದವನು. 1995ರಲ್ಲಿ ಒಂದು ರಾತ್ರಿ ಧಾರವಾಡದಿಂದ ತನ್ನ ಯೆಜ್ಡಿ ಗಾಡಿಯ ಮೇಲೆ ಮರಳುವಾಗ ದಾರಿಯಲ್ಲಿ ಬಿದ್ದ. ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. ಎಷ್ಟು ವಾಹನಗಳು ಅವನ ಪಕ್ಕದಿಂದಲೇ ಸಾಗಿಹೋದವೋ ಶಿವನೇ ಬಲ್ಲ. ನಿಂತರೆ ಠಾಣೆ, ಕೋರ್ಟು ಎಂಬ ಅಂಜಿಕೆ ಆಗ ಎಲ್ಲರಿಗೂ ಇತ್ತು. ಬೆಳಗಿನ ಜಾವ ಹಾಲು ಒಯ್ಯುವವರು ಕಂಡಾಗ ಕಾಲ ಮಿಂಚಿತ್ತು. ಆ ಗಾಡಿ ಗೋಣಿತಟ್ಟುಗಳ ಕೆಳಗೆ ದನದ ಕೊಟ್ಟಿಗೆ ಸೇರಿತು.

ಎರಡು ವರ್ಷಗಳ ಹಿಂದೆ ತಮ್ಮನ ಮೊಮ್ಮಗ ಅದನ್ನು ಹೊರಗೆ ತೆಗೆದ. ಮನೆಯಲ್ಲಿ ಕಣ್ಣೀರು, ಕೂಗಾಟ. ನಾನೂ ಗದರಿಸಿದೆ. ಹುಡುಗ ತಾಳ್ಮೆಯಿಂದ, “ದೊಡ್ಡಜ್ಜಾ, ನಮ್ಮ ಮಂದೀನ ಒಂದ್ ಸಲ ನೋಡ್ರಿ. ಆಮ್ಯಾಲ ಬ್ಯಾಡ ಅಂದ್ರ ಬಿಡ್ತೀನಿ” ಎಂದ.

ಯೆಜ್ಡಿ ಪರದೇಶದ ಗಾಡಿಯೆಂದೇ ನಾನು ತಿಳಿದಿದ್ದೆ. ಅದು ನಮ್ಮ ಮೈಸೂರಿನ ಕೂಸು. 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾ ಮೂಲದ ಜಾವಾ ಗಾಡಿಗಳು ತಯಾರಾಗುತ್ತಿದ್ದವು. 1973ರಲ್ಲಿ ಅವು ಯೆಜ್ಡಿ ಎಂಬ ಹೆಸರು ತಳೆದವು. ಒದ್ದು ಚಾಲೂ ಮಾಡುವ ಕೋಲೇ ಗೇರು ಹಾಕುವ ಕೋಲೂ ಆಗುವ ವಿಚಿತ್ರ ರಚನೆ. ಪೆಟ್ರೋಲಿನೊಳಗೆ ಎಣ್ಣೆಯನ್ನೂ ಬೆರೆಸಬೇಕು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದರೂ ಹಳೆಯವುಗಳನ್ನು ಉಳಿಸಿಕೊಂಡವರು ಈ ಸವಾರರೇ. ಒಬ್ಬನ ಮನೆಯ ಮೂಲೆಯಲ್ಲಿದ್ದ ಬಿಡಿಭಾಗ ಇನ್ನೊಬ್ಬನ ಗಾಡಿಗೆ ಜೀವವಾಗುತ್ತದೆ. ವರ್ಷಕ್ಕೊಮ್ಮೆ, ಜುಲೈ ತಿಂಗಳ ಎರಡನೆಯ ರವಿವಾರ, ಜಾವಾ ದಿನವೆಂದು ಅವರೆಲ್ಲ ಒಂದೆಡೆ ಕೂಡುತ್ತಾರೆ.

ಒಂದು ರವಿವಾರ ಕೋಟೆಯ ಮುಂದೆ ಹನ್ನೆರಡು ಜನ ಸವಾರರು ಸೇರಿದ್ದರು. ಸವದತ್ತಿಯ ಕಡೆಗೆ, ನವಿಲುತೀರ್ಥದ ಅಣೆಕಟ್ಟಿಗೆ ಹೊರಟಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ನುರಿತವನು ಸಾಲಿನ ತುದಿಯಲ್ಲಿ ನಿಂತದ್ದನ್ನು ಕಂಡು ಕಾರಣ ಕೇಳಿದೆ. ಆತ ನಕ್ಕು, “ಅಜ್ಜಾರ, ಮುಂದಿನಾಂವಗ ದಾರಿ ಗೊತ್ತಿದ್ರ ಸಾಕ್ರಿ. ಹಿಂದಿನಾಂವಗ ಎಲ್ಲಾರೂ ಗೊತ್ತಿರಬೇಕ್ರಿ” ಎಂದ. ಯಾರ ಗಾಡಿ ಕೆಟ್ಟರೂ ಈ ಕೊನೆಯ ಸವಾರ ಅಲ್ಲಿ ನಿಲ್ಲುತ್ತಾನೆ; ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಅದು ಅವರ ಕಟ್ಟಳೆ.

ನಾನು ಬಂಧುಗಳ ಕಾರಿನಲ್ಲಿ ಅವರನ್ನು ಹಿಂಬಾಲಿಸಿದೆ. ಬೈಲಹೊಂಗಲ ದಾಟಿದ ಮೇಲೆ ಒಬ್ಬ ರೈತ ಹೆಂಡತಿಯೊಡನೆ ಮೊಪೆಡ್ಡಿನಿಂದ ಬಿದ್ದಿದ್ದ. ಅವರು ಈ ಗುಂಪಿನವರಲ್ಲ, ಗುರುತಿನವರೂ ಅಲ್ಲ. ಕ್ಷಣದಲ್ಲಿ ಎಲ್ಲ ಗಾಡಿಗಳೂ ನಿಂತವು. ಒಬ್ಬ ಹಿಂದಿನಿಂದ ಬರುವ ಲಾರಿಗಳಿಗೆ ಕೈಮಾಡಿ ತಡೆದ. ಇನ್ನೊಬ್ಬ 108ಕ್ಕೆ ಕರೆ ಮಾಡಿದ. ಕೊನೆಯ ಸವಾರ ಆ ತಾಯಿಯ ಪಕ್ಕ ಮಣ್ಣಿನಲ್ಲಿಯೇ ಕುಳಿತು, ರಕ್ತ ಸೋರುತ್ತಿದ್ದ ಕೈಗೆ ತನ್ನ ವಸ್ತ್ರ ಒತ್ತಿ ಹಿಡಿದ. ಆಂಬುಲೆನ್ಸ್ ಹೊರಡುವವರೆಗೆ ಒಬ್ಬನೂ ಕದಲಲಿಲ್ಲ.

ನನಗೆ 1995ರ ಆ ರಾತ್ರಿ ನೆನಪಾಗಿ ಕಣ್ಣು ತುಂಬಿತು. ಇಂಥ ಒಬ್ಬನಾದರೂ ಅಂದು ಆ ದಾರಿಯಲ್ಲಿ ಬಂದಿದ್ದರೆ!

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಚಲಿಸುವುದಷ್ಟೇ ಜಂಗಮವಲ್ಲ, ಬಿದ್ದವನ ಬಳಿ ನಿಲ್ಲಬಲ್ಲ ಚಲನೆ ಅದು. ದಾಸೋಹವೆಂದರೆ ಪ್ರಸಾದದ ಪಂಕ್ತಿಯೊಂದೇ ಅಲ್ಲವೆಂದು ನಡುದಾರಿಯಲ್ಲಿ ಕಲಿತೆ. ಅಂಜುವ ಕಾರಣವೂ ಈಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮು ಮತ್ತು ಅದರಡಿಯ ನಿಯಮಗಳಂತೆ, ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವನನ್ನು ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ.

ಎಲ್ಲ ಸವಾರರೂ ಹೀಗೆಯೇ ಎಂದು ನಾನು ಹೇಳಲಾರೆ. ಸೈಲೆನ್ಸರ್ ಬದಲಿಸಿ ಆಸ್ಪತ್ರೆಯ ಮುಂದೆ ಅಬ್ಬರಿಸುವವರೂ ಇದ್ದಾರೆ, ಅದು ತಪ್ಪೇ. ಆದರೆ ಮಗ ಗಾಡಿ ಕೇಳಿದಾಗ ಬರಿದೆ ಬೇಡವೆನ್ನುವ ಬದಲು ಅವನ ಜೊತೆಗಾರರನ್ನು ಕಂಡು ಬನ್ನಿ. ಪರವಾನಿಗೆ ಇರಲಿ, ಐಎಸ್‌ಐ ಗುರುತಿನ ಶಿರಸ್ತ್ರಾಣ ತಲೆಯ ಮೇಲಿರಲಿ, ಅದರ ಪಟ್ಟಿ ಗದ್ದಕ್ಕೆ ಬಿಗಿದಿರಲಿ.

ತಮ್ಮನ ಯೆಜ್ಡಿ ಈಗ ಓಡುತ್ತಿದೆ. ಹೊರಡುವ ಮುನ್ನ ಅವನ ಹೆಂಡತಿ, ಹುಡುಗನ ಅಜ್ಜಿ, ಗಾಡಿಗೆ ವಿಭೂತಿ ಹಚ್ಚುತ್ತಾಳೆ. ಎಲ್ಲಿಗೆ ಹೋಗುತ್ತೀ ಎಂದು ಅವಳು ಕೇಳುವುದಿಲ್ಲ. ಅವಳ ಪ್ರಶ್ನೆ ಒಂದೇ: “ಇವತ್ತ ಕಡೀಕ ಯಾರ ಬರ್ತಾರಪ್ಪಾ?”