ಸೂರ್ಯಶಕ್ತಿ ಮತ್ತು ಸಮಪಾಲು

ಮನೆಯ ಛಾವಣಿಯ ಮೇಲೆ ಸೌರಫಲಕಗಳನ್ನಿರಿಸಿ ವಿದ್ಯುತ್ತನ್ನು ಪಡೆಯುವುದು ಇಂದು ಅನೇಕ ದೇಶಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ಇದರಲ್ಲಿ ಹೊಗೆಯಿಲ್ಲ, ಸದ್ದಿಲ್ಲ. ಕಲ್ಲಿದ್ದಲಿನ ವೆಚ್ಚವೂ ಇಲ್ಲ. ಮನೆಯ ಬಳಕೆಗೆ ಮಿಕ್ಕ ವಿದ್ಯುತ್ತು ಬೀದಿಯ ತಂತಿಯ ಮೂಲಕ ನೆರೆಹೊರೆಗೆ ಹರಿಯುತ್ತದೆ. ಆದರೆ ಛಾವಣಿಯು ಒಬ್ಬನ ಸ್ವತ್ತಾದರೂ ತಂತಿಯು ಎಲ್ಲರ ಸ್ವತ್ತು. ಈ ಮಾತನ್ನು ಮರೆತರೆ ಸೂರ್ಯನ ಕೊಡುಗೆಯೂ ಕೆಲವರಿಗಷ್ಟೇ ದಕ್ಕೀತು.

ವಿದ್ಯುತ್ತನ್ನು ತಂತಿಯಲ್ಲಿ ಹರಿಸುವ ಒತ್ತಡವೇ ವೋಲ್ಟೇಜು. ಹಿಂದೆ ವಿದ್ಯುತ್ತು ಪರಿವರ್ತಕದಿಂದ ಮನೆಗಳ ಕಡೆಗೆ ಮಾತ್ರ ಹರಿಯುತ್ತಿತ್ತು. ದೂರ ಸಾಗಿದಂತೆಲ್ಲ ವೋಲ್ಟೇಜು ಕುಗ್ಗುವುದರಿಂದ, ಕೊನೆಯ ಮನೆಗೂ ತಕ್ಕಷ್ಟು ದೊರೆಯಲೆಂದು ಇಂಜಿನಿಯರರು ಪರಿವರ್ತಕದ ಬಳಿ ಅದನ್ನು ತುಸು ಹೆಚ್ಚಾಗಿಯೇ ಇರಿಸುತ್ತಿದ್ದರು. ಸೌರಫಲಕಗಳು ಈ ಕ್ರಮವನ್ನು ತಲೆಕೆಳಗು ಮಾಡಿದವು. ನಡುಹಗಲಿನಲ್ಲಿ ಮನೆಗಳ ಬಳಕೆ ಅಲ್ಪ, ಉತ್ಪಾದನೆ ಅಧಿಕ. ಆಗ ವಿದ್ಯುತ್ತು ಮನೆಗಳಿಂದ ಪರಿವರ್ತಕದ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ಸಾಲಿನ ಕೊನೆಯಲ್ಲಿ ವೋಲ್ಟೇಜು ಎಲ್ಲಕ್ಕಿಂತ ಮೇಲೇರುತ್ತದೆ. ಮಿತಿಮೀರಿದ ವೋಲ್ಟೇಜು ಉಪಕರಣಗಳ ಬಾಳಿಕೆಯನ್ನು ಕುಂದಿಸುತ್ತದೆ. ಆದುದರಿಂದ, ಫಲಕದ ವಿದ್ಯುತ್ತನ್ನು ಬಳಕೆಗೆ ಒಗ್ಗಿಸುವ ಇನ್ವರ್ಟರ್ ಎಂಬ ಸಾಧನವು ಅಂತಹ ಸಮಯದಲ್ಲಿ ತಾನಾಗಿಯೇ ನಿಂತುಬಿಡುತ್ತದೆ.

ಈ ತೊಡಕನ್ನು ಬಹುವಾಗಿ ಅನುಭವಿಸಿದ ದೇಶಗಳಲ್ಲಿ ಆಸ್ಟ್ರೇಲಿಯವೂ ಒಂದು. ಅಲ್ಲಿ ಸುಮಾರು ಮೂರು ಮನೆಗಳಿಗೊಂದರಂತೆ ಸೌರಫಲಕಗಳಿವೆ. 2000ದಲ್ಲಿ ಆ ದೇಶವು ಪ್ರಮಾಣಿತ ವೋಲ್ಟೇಜನ್ನು 240ರಿಂದ 230ಕ್ಕೆ ಇಳಿಸಿ, 253ನ್ನು ಮೇಲ್ಮಿತಿಯನ್ನಾಗಿ ಇರಿಸಿಕೊಂಡಿತು. ಆದರೆ ಅನೇಕ ಕಡೆ ಪರಿವರ್ತಕಗಳು ಹಳೆಯ ಹೊಂದಾಣಿಕೆಯಲ್ಲಿಯೇ ಉಳಿದವು. ಏರಲು ಉಳಿದ ಅವಕಾಶ ಕಿರಿದಾಯಿತು. ಬಿಸಿಲು ಬಲಿತಾಗ ಯಾರ ಫಲಕಗಳು ಮೊದಲು ನಿಲ್ಲುತ್ತವೆ? ಸಾಮಾನ್ಯವಾಗಿ ಸಾಲಿನ ಕೊನೆಯ ಮನೆಯವು. ಎಲ್ಲರಂತೆ ಹಣ ತೆತ್ತ ಆ ಮನೆಯವನಿಗೆ ಎಲ್ಲರಂತೆ ಫಲ ದೊರೆಯುವುದಿಲ್ಲ.

ಹಾಗಾದರೆ ಪರಿಹಾರವೇನು? ಎಲ್ಲೆಡೆಯೂ ದಪ್ಪ ತಂತಿಗಳನ್ನು ಎಳೆಯಬಹುದು. ಆದರೆ ಅದರ ವೆಚ್ಚವನ್ನು ಫಲಕವಿಲ್ಲದ ಬಡವನೂ ಹೊರಬೇಕಾದೀತು. ಹೊಸಬರಿಗೆ ಅನುಮತಿ ನಿರಾಕರಿಸಬಹುದು. ಆದರೆ ಮೊದಲು ಬಂದವರಿಗೇ ತಂತಿಯನ್ನು ಒಪ್ಪಿಸಿದಂತಾದೀತು. ದಕ್ಷಿಣ ಆಸ್ಟ್ರೇಲಿಯವು ಮತ್ತೊಂದು ದಾರಿಯನ್ನು ಹಿಡಿಯಿತು. ತಂತಿಗೆ ಸಾಮರ್ಥ್ಯವಿರುವಾಗ ಒಂದು ಮನೆ 10 ಕಿಲೋವ್ಯಾಟ್‌ವರೆಗೆ ಹೊರಗೆ ಕಳುಹಿಸಬಹುದು; ಇಕ್ಕಟ್ಟಾದಾಗ ಆ ಮಿತಿ 1.5 ಕಿಲೋವ್ಯಾಟ್‌ವರೆಗೆ ಇಳಿಯುತ್ತದೆ. 2020ರಲ್ಲಿ ಅಲ್ಲಿ ನಡುಹಗಲಿನ ವಿದ್ಯುತ್ತಿಗೆ ಅಗ್ಗದ ದರವೂ ಬಂದಿತು. ನೀರು ಕಾಯಿಸುವಂತಹ ಕೆಲಸಗಳು ಹಗಲಿಗೆ ಸರಿದಷ್ಟೂ ತಂತಿಯ ಭಾರ ಇಳಿಯುತ್ತದೆ.

"ಫಲಕ ನನ್ನದು, ಬಿಸಿಲು ದೇವರದು, ತಡೆಯಲು ಇವರಾರು?" ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಕನ್ನಡ ನಾಡಿನ ಕೆರೆಗಳೇ ಉತ್ತರ ಹೇಳುತ್ತವೆ. ಕೆರೆಯಂಚಿನ ರೈತನ ಗದ್ದೆ ಅವನದೇ. ಆದರೂ ಕಾಲುವೆಯ ನೀರನ್ನು ಅವನು ಮನಬಂದಂತೆ ತಿರುಗಿಸಿಕೊಳ್ಳುವಂತಿರಲಿಲ್ಲ. ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವ ಹೊಣೆ ನೀರುಗಂಟಿಯದಾಗಿತ್ತು. ನೀರು ಕಡಿಮೆಯಾದ ವರ್ಷ ಕೊರತೆಯನ್ನೂ ಎಲ್ಲರೂ ಹಂಚಿಕೊಳ್ಳುವುದೇ ನ್ಯಾಯ. ತಂತಿಯ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲಬೇಕು. ಕೊನೆಯವನೊಬ್ಬನ ಫಲಕ ಪೂರ್ತಿ ನಿಲ್ಲುವುದಕ್ಕಿಂತ, ಬೀದಿಯವರೆಲ್ಲರೂ ತುಸು ತುಸು ತಗ್ಗಿಸಿಕೊಳ್ಳುವುದು ಲೇಸು.

ಭಾರತದಲ್ಲಿ ಒಂದು ಕೋಟಿ ಮನೆಗಳ ಛಾವಣಿಗೆ ಸೌರಫಲಕಗಳನ್ನು ತಲುಪಿಸುವ ಗುರಿಯುಳ್ಳ ಸೂರ್ಯ ಘರ್ ಯೋಜನೆ 2024ರಲ್ಲಿ ಆರಂಭವಾಯಿತು. ಫಲಕಗಳನ್ನು ಎಣಿಸುವುದರಲ್ಲಿಯೇ ತೃಪ್ತರಾಗದೆ, ಅವು ಸೇರುವ ತಂತಿ, ಪರಿವರ್ತಕಗಳತ್ತಲೂ ಈಗಲೇ ಗಮನ ಹರಿಸುವುದು ವಿವೇಕ. ಬೀದಿಗಳು ಫಲಕಗಳಿಂದ ತುಂಬಿದ ಮೇಲೆ ಹಂಚಿಕೆಯ ನಿಯಮ ಮಾಡಹೊರಟರೆ ಜಗಳ ತಪ್ಪದು. ಸೂರ್ಯನು ಯಾವ ಮನೆಗೂ ಹೆಚ್ಚು ಕಡಿಮೆ ಎಣಿಸುವುದಿಲ್ಲ. ಆ ಸಮದೃಷ್ಟಿಯನ್ನು ತಂತಿಯಲ್ಲಿಯೂ ಉಳಿಸಿಕೊಳ್ಳುವುದು ಮನುಷ್ಯನ ಹೊಣೆ.