ಚಿನ್ನ ಹುಡುಕಿದವನಿಗೆ ಸಿಕ್ಕ ಅಶೋಕ
ಚಂದ್ರಬಂಡದಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದು ಎಂ.ಎ. ಓದುವ ಹುಡುಗರಿಗೆ ಸಂಶೋಧನೆ ಎಂದರೆ ಗೈಡು, ಸಿನಾಪ್ಸಿಸ್ಸು, ಕೊನೆಗೆ ಬೈಂಡಿಂಗು. ಶೀರ್ಷಿಕೆಯ ತುದಿಗೆ ‘ಒಂದು ಅಧ್ಯಯನ’ ಎಂಬ ಬಾಲ ಇದ್ದೇ ಇರುತ್ತದೆ. ಆದರೆ ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬಂಡೆಯ ಮೇಲಿನ ಅಕ್ಷರಗಳನ್ನು ಗುರುತಿಸಿದ ಸಿ. ಬೀಡನ್ ಪಂಡಿತರೇನಲ್ಲ, ಚಿನ್ನದ ಜಾಡು ಹಿಡಿದು ಬಂದ ಗಣಿ ಎಂಜಿನಿಯರ್. ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರೂ 1915ರವರೆಗೆ ಸಿಕ್ಕ ಶಾಸನಗಳಲ್ಲಿದ್ದುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಆ ಬಿರುದುಗಳ ದೊರೆಯೇ ಅಶೋಕ ಎಂದು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರು; ಹೆಸರನ್ನೇ ಹೊತ್ತ ಕಲ್ಲು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಹೀಗೆ ಹೊರಗೆ ಹೋಗಿ ಹುಡುಕದೆ, ಹರಿದಾಸರಾದ ಮಾನ್ವಿಯ ಜಗನ್ನಾಥದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಕುರಿತು ಬರೆಯುವವರ ಬಗೆಗೂ ನನ್ನದೊಂದು ತಕರಾರಿದೆ: ಅಚ್ಚಾದ ಪಾಠ ಹಿಡಿದು ಕೂತವರು ಭಜನೆಯ ಧಾಟಿಗೆ ಕಿವಿ ಕೊಡುವುದು ಕಡಿಮೆ. ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಹೇಳುವ ರಿವಾಯತ್ ಪದಗಳಂತೂ ಎಷ್ಟೋ ಊರಲ್ಲಿ ಹಾಡುವವರ ನಾಲಿಗೆಯ ಮೇಲೇ ಇವೆ. ಗಡಿಯ ಚಂದ್ರಬಂಡದಿಂದ ಓದಲು ಬರುವ ಹುಡುಗಿಗೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬಿದ್ದೇ ಇರುತ್ತವೆ. ಮುಂದಿನ ಮೊಹರಂ ರಾತ್ರಿ ಅವಳು ಮೊಬೈಲಿನ ರೆಕಾರ್ಡರ್ ಒತ್ತಿ ಅಲಾವಿಯ (ಮೊಹರಂನ ಬೆಂಕಿಗುಂಡಿಯ) ಪಕ್ಕ ಕೂತರೆ ಮೊದಲ ಅಧ್ಯಾಯಕ್ಕೆ ಬೇಕಾದದ್ದು ಸಿಕ್ಕೀತು. ಗೈಡು ಸಹಿ ಹಾಕಬೇಕು, ಅಷ್ಟೇ.