ವೀರಮ್ಮಾಜಿಯ ಮೇಲಿನ ಆರೋಪ

ಸಾಗರದ ಕೆಳದಿ, ಇಕ್ಕೇರಿಗಳನ್ನು ಕಂಡು, ಹೊಸನಗರದ ಕಡೆ ಬಿದನೂರಿಗೆ ಬಂದು, ಅಲ್ಲಿಂದ ತೀರ್ಥಹಳ್ಳಿಯ ಕವಲೇದುರ್ಗವನ್ನು ಹತ್ತಿಳಿದವರಿಗೆ ಕೆಳದಿಯ ಅರಸರ ಕಥೆ ಎಲ್ಲಿಯಾದರೂ ಒಂದು ಕಡೆ ಕಿವಿಗೆ ಬೀಳದೆ ಇರದು. ಶಿವಪ್ಪನಾಯಕನ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯ ಮಾತು ಬಂದಾಗ ಹೇಳುವವರ ದನಿ ಏರುತ್ತದೆ. ವೀರಮ್ಮಾಜಿಯ ಸರದಿ ಬಂದೊಡನೆ ಅದೇ ದನಿ ತಗ್ಗುತ್ತದೆ. 'ಮಗನನ್ನೇ ಕೊಲ್ಲಿಸಿದವಳು' ಎಂದು ಒಂದು ಮಾತಿನಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ನಾನೂ ಬಹುಕಾಲ ತರಗತಿಯಲ್ಲಿ ಹೀಗೆಯೇ ಮುಗಿಸಿದವನು. ಒಮ್ಮೆ ಬಿದನೂರಿನ, ಎಂದರೆ ಈಗಿನ ನಗರದ, ಕೋಟೆಯ ಮೇಲೆ ವಿದ್ಯಾರ್ಥಿಯೊಬ್ಬ, 'ಸಾರ್, ಸತ್ತವನನ್ನು ಹೈದರಾಲಿ ಕರೆತಂದದ್ದು ಹೇಗೆ?' ಎಂದು ಕೇಳಿದ. ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಊರಿಗೆ ಹಿಂತಿರುಗಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪ್ರಕರಣವೇನು? 1755ರ ಸುಮಾರಿಗೆ ಬಿದನೂರಿನ ಬಸವಪ್ಪನಾಯಕ ತೀರಿಕೊಂಡ. ದತ್ತುಪುತ್ರ ಚೆನ್ನಬಸಪ್ಪ ಇನ್ನೂ ಎಳೆಯವನಾದುದರಿಂದ ಅಧಿಕಾರ ಬಸವಪ್ಪನ ವಿಧವೆ ವೀರಮ್ಮಾಜಿಯ ಕೈಯಲ್ಲಿತ್ತು. ನಿಂಬಯ್ಯನೆಂಬವನೊಡನೆ ಆಕೆಗೆ ಸಂಬಂಧವಿತ್ತು; ಹುಡುಗ ಅದನ್ನು ಖಂಡಿಸಿದ; 1757ರಲ್ಲಿ ಸ್ನಾನದ ಹೊತ್ತಿಗೆ ಮೈ ತಿಕ್ಕುವ ಜೆಟ್ಟಿಯೊಬ್ಬ ಅವನ ಕತ್ತು ತಿರುಚಿದ. ಇದು ಕಥೆ. ಆಮೇಲೆ ರಾಣಿ ಸೋಮಶೇಖರನೆಂಬ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಬರೆದ. ಮುಂದೆ ರೈಸ್ ಸಾಹೇಬರ ಗೆಜೆಟಿಯರಿಗೂ ಅದು ಬಂತು. ಹತ್ತೊಂಬತ್ತನೆಯ ಶತಮಾನದ ಈ ಪುಸ್ತಕಗಳಿಂದಲೇ ಅದು ನಮ್ಮ ಪಾಠಗಳಿಗೆ ಇಳಿದದ್ದು. ವಿಲ್ಕ್ಸ್‌ನ ಪುಸ್ತಕ ಹೊರಬರುವ ವೇಳೆಗೆ ಹುಡುಗ ಕಣ್ಮರೆಯಾಗಿ 53 ವರ್ಷಗಳಾಗಿದ್ದವೆಂಬುದನ್ನು ನಾವು ಸಾಮಾನ್ಯವಾಗಿ ಎಣಿಸುವುದೇ ಇಲ್ಲ.

ಕಥೆಯ ಉತ್ತರಾರ್ಧ ಇನ್ನೂ ವಿಚಿತ್ರವಾದುದು. ಯುವಕನೊಬ್ಬ ಚಿತ್ರದುರ್ಗದ ನಾಯಕನ ಮೂಲಕ ಹೈದರಾಲಿಯ ಬಳಿಗೆ ಬಂದು, 'ನಾನೇ ಚೆನ್ನಬಸಪ್ಪ. ಕೊಲ್ಲಬೇಕಾಗಿದ್ದ ಜೆಟ್ಟಿ ಕನಿಕರಪಟ್ಟು ನನ್ನನ್ನು ಬಚ್ಚಿಟ್ಟುಕೊಂಡ' ಎಂದ. ಹೈದರನಿಗೆ ಅಷ್ಟೇ ಸಾಕಾಯಿತು. ಅನ್ಯಾಯಕ್ಕೊಳಗಾದ ಅರಸನಿಗೆ ಸಿಂಹಾಸನ ಕೊಡಿಸುವವನಂತೆ 1763ರಲ್ಲಿ ಮಲೆನಾಡಿಗೆ ದಂಡೆತ್ತಿ ಬಂದ. ಕುಂಸಿಯ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಕಳ್ಳದಾರಿ ತೋರಿಸಿಕೊಟ್ಟ. ರಾಣಿ ದುಡ್ಡು ಕೊಡುತ್ತೇನೆಂದು ಮೇಲಿಂದ ಮೇಲೆ ಹೇಳಿಕಳುಹಿಸಿದಳು. ಕೇಳುವವರಿಲ್ಲದೆ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಬಿದನೂರಿನ ಸಂಪತ್ತು ಹೈದರನ ಕೈಸೇರಿತು. ಊರಿಗೆ ಹೈದರನಗರವೆಂಬ ಹೆಸರು ಬಂತು. ಆ ಹೆಸರಿನ ಬಾಲವೇ ಇಂದಿನ 'ನಗರ'.

ಇನ್ನು ಸಿಂಹಾಸನದ ಮಾತು. ಸೆರೆಸಿಕ್ಕ ರಾಣಿಯನ್ನೂ ಸೋಮಶೇಖರನನ್ನೂ ನಿಂಬಯ್ಯನನ್ನೂ ಹೈದರ್ ಮಧುಗಿರಿಯ ದುರ್ಗಕ್ಕೆ ಕಳುಹಿಸಿದ. ಅವರ ಜತೆಯಲ್ಲಿಯೇ ತಾನು ಕರೆತಂದ ಆ 'ಚೆನ್ನಬಸಪ್ಪ'ನನ್ನೂ ಕಳುಹಿಸಿದ! ಕೊಂದವಳೂ ಕೊಲೆಯಾದವನೂ ಒಂದೇ ಕೋಟೆಯಲ್ಲಿ ಕೈದಿಗಳಾದ ಪ್ರಕರಣ ಪ್ರಪಂಚದಲ್ಲಿ ಬೇರೊಂದು ಇದೆಯೋ ಇಲ್ಲವೋ ನಾನರಿಯೆ.

ನನ್ನ ವಿದ್ಯಾರ್ಥಿ ಕೈಯಿಟ್ಟದ್ದು ಇಲ್ಲಿಯೇ. ಬಂದವನು ನಿಜವಾದ ಚೆನ್ನಬಸಪ್ಪನಾಗಿದ್ದರೆ ಕೊಲೆ ನಡೆದಿಲ್ಲ. ಕೊಲೆ ನಡೆದಿದ್ದರೆ ಬಂದವನು ವೇಷಧಾರಿ. ದಂಡಯಾತ್ರೆಯ ನೆಪ ಸುಳ್ಳು. ನಾವಾದರೋ ಎರಡನ್ನೂ ಒಟ್ಟಿಗೆ ನಂಬಿಕೊಂಡು ಬಂದಿದ್ದೇವೆ. ರಾಣಿ ಮಗನನ್ನು ಕೊಲ್ಲಿಸಿದಳು, ಆದುದರಿಂದ ರಾಜ್ಯ ಹೋಯಿತು ಎಂದು ಹೇಳಿ ಪುಟ ಮಗುಚುತ್ತೇವೆ. ಹಾಗೆ ಹೇಳಿದರೆ ರಾಜ್ಯ ಕಳೆದುಕೊಂಡವಳೇ ತಪ್ಪಿತಸ್ಥಳಾಗುತ್ತಾಳೆ, ಕಸಿದುಕೊಂಡವನನ್ನು ಏನೂ ಕೇಳಬೇಕಾಗುವುದಿಲ್ಲ.

1892ರಲ್ಲಿ ಅಮೆರಿಕದ ಫಾಲ್ ರಿವರ್ ಎಂಬ ಊರಿನಲ್ಲಿ ಆಂಡ್ರೂ ಬೋರ್ಡನ್ ಎಂಬ ಗೃಹಸ್ಥನೂ ಅವನ ಹೆಂಡತಿಯೂ ಹಗಲು ಹೊತ್ತಿನಲ್ಲಿ ಮನೆಯೊಳಗೇ ಕೊಲೆಯಾದರು. ಮಗಳು ಲಿಜ್ಜಿಯ ಮೇಲೆ ಆರೋಪ ಬಂತು. ಹೆಣಗಳ ಪರೀಕ್ಷೆ ನಡೆಯಿತು, ಸಾಕ್ಷಿಗಳು ಪ್ರಮಾಣ ಮಾಡಿ ನುಡಿದರು, ಜ್ಯೂರಿಯವರು ಕುಳಿತು ಕೇಳಿ 1893ರಲ್ಲಿ ಅವಳನ್ನು ಬಿಟ್ಟರು. ಜನ ಇಂದಿಗೂ ಬಿಟ್ಟಿಲ್ಲ. ನ್ಯಾಯಾಲಯ ಬಿಡುಗಡೆ ಮಾಡಿದವಳ ಪಾಡೇ ಇದಾದರೆ ನ್ಯಾಯಾಲಯವನ್ನೇ ಕಾಣದ ವೀರಮ್ಮಾಜಿಯ ಪಾಡು ಹೇಳಬೇಕೆ? ಆಕೆಯ ವಿಷಯದಲ್ಲಿ ಪ್ರಮಾಣ ಮಾಡಿ ನುಡಿದವರಿಲ್ಲ. ಕಥೆಗೆ ಮುಖ್ಯ ಸಾಕ್ಷಿಯಾಗಿ ನಿಂತವನು ರಾಜ್ಯ ಬೇಡಿ ಬಂದವನು. ಅದನ್ನು ಕೇಳಿ ನಂಬಿದವನು ರಾಜ್ಯ ಬಯಸಿದವನು. ದಾರಿ ತೋರಿಸಿದವನು ಸೆರೆಮನೆಯ ಕಹಿ ಉಂಡವನು. ಉಳಿದುದೆಲ್ಲ ನಿಂಬಯ್ಯನ ಹೆಸರಿಗೆ ಅಂಟಿಕೊಂಡ ಪಿಸುಮಾತು. ವಿಧವೆಯೊಬ್ಬಳ ನಡತೆಯ ಮೇಲೆ ಒಮ್ಮೆ ಸಂಶಯ ಹುಟ್ಟಿತೆಂದರೆ ಕೊಲೆಗೆ ಬೇರೆ ಪುರಾವೆ ಬೇಕೆನ್ನುವವರು ನಮ್ಮಲ್ಲಿ ಅಂದೂ ಕಡಮೆ, ಇಂದೂ ಕಡಮೆಯೇ.

ಹಾಗೆಂದು ವೀರಮ್ಮಾಜಿಗೆ ಹೂಮಾಲೆ ಹಾಕಲು ನಾನು ಹೊರಟಿಲ್ಲ. ಈಚೆಗೆ ಅಪವಾದಕ್ಕೊಳಗಾದವರನ್ನೆಲ್ಲ ವೀರರನ್ನಾಗಿ ಮಾಡುವ ಉತ್ಸಾಹ ಹೆಚ್ಚಾಗಿದೆ. ಅದೂ ಒಂದು ಬಗೆಯ ಸೋಮಾರಿತನವೇ. ಎಳೆಯ ಅರಸನೊಬ್ಬ ಇಲ್ಲವಾದ. ಅವನ ಜಾಗಕ್ಕೆ ಮತ್ತೊಬ್ಬ ಬಾಲಕ ಬಂದ. ಅಧಿಕಾರ ರಾಣಿಯಲ್ಲಿಯೇ ಉಳಿಯಿತು. ಇದರಿಂದ ಲಾಭವಾದದ್ದು ಯಾರಿಗೆ ಎಂದು ಕೇಳಿದರೆ ಬೆರಳು ಅರಮನೆಯ ಕಡೆಗೇ ತಿರುಗುತ್ತದೆ. ಸಂಶಯ ಬಲವಾದುದೇ. ಆದರೆ ಸಂಶಯ ಬೇರೆ, ತೀರ್ಪು ಬೇರೆ.

ನನಗೆ ಹೆಚ್ಚು ನೋವಾಗುವುದು ಹುಡುಗನ ವಿಷಯದಲ್ಲಿ. ರಾಣಿಯನ್ನು ಹಳಿಯುವವರಿಗೆ ಅವನು ಒಂದು ಆಯುಧ. ಸಮರ್ಥಿಸುವವರಿಗೆ ಒಂದು ತೊಡಕು. ಹೈದರನಿಗಂತೂ ಕೋಟೆಯ ಬಾಗಿಲು ತೆರೆಯುವ ಬೀಗದ ಕೈ. ಅವನಿಗಾಗಿ ಅತ್ತವರು ಯಾರು? ಮಲೆನಾಡಿನ ರೈತರು ಅತ್ತಿರಬಹುದು ಎಂದು ಒಮ್ಮೊಮ್ಮೆ ನನಗೆ ತೋರುತ್ತದೆ. 1830ರಲ್ಲಿ ಕಂದಾಯದ ಕಾಟ ತಾಳಲಾರದೆ ನಗರದ ಸೀಮೆ ದಂಗೆಯೆದ್ದಾಗ, ಬೂದಿ ಬಸವಪ್ಪನೆಂಬವನು ಬಿದನೂರು ಸಿಂಹಾಸನಕ್ಕೆ ತಾನೇ ವಾರಸುದಾರನೆಂದು ಎದ್ದುನಿಂತ. ಜನ ಅವನ ಹಿಂದೆ ಹೋದರು. ಹಳೆಯ ಮನೆತನದ ಯಾರೋ ಒಬ್ಬ ಎಲ್ಲಿಯೋ ಉಳಿದಿದ್ದಾನೆ, ಬಂದೇ ಬರುತ್ತಾನೆ ಎಂಬ ಆಸೆ ಅಷ್ಟು ವರ್ಷ ಕಳೆದರೂ ಬತ್ತಿರಲಿಲ್ಲ. ಆ ದಂಗೆಯ ನೆಪದಲ್ಲಿಯೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡರು.

ವೀರಮ್ಮಾಜಿ ಊರಿಗೆ ಮರಳಲಿಲ್ಲ. 1767ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದು ಅವಳನ್ನು ಬಿಡಿಸಿದರು. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು.

ಈಗ ನಾನು ಪಾಠ ಮಾಡುವಾಗ 'ಕೊಲ್ಲಿಸಿದಳು' ಎನ್ನುವುದಿಲ್ಲ. 'ಕೊಲ್ಲಿಸಿದಳೆಂದು ಹೇಳುತ್ತಾರೆ' ಎನ್ನುತ್ತೇನೆ. ಹೇಳಿದವರು ಯಾರು, ಯಾವಾಗ ಎಂಬುದನ್ನೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಇದರಿಂದ ಉಪಯೋಗವಿಲ್ಲವೆಂದು ಹಿಂದಿನ ಬೆಂಚಿನವರು ಗೊಣಗುವುದುಂಟು. ಮುಂದಿನ ಬೆಂಚಿನಿಂದ ಯಾರಾದರೊಬ್ಬರು, 'ಹಾಗಾದರೆ ಆ ಹುಡುಗ ಏನಾದ, ಸಾರ್?' ಎಂದು ಕೇಳಿಯೇ ಕೇಳುತ್ತಾರೆ.